ಪರೀಕ್ಷೆಯ ದಿನ ಏಳದ ಯಂತ್ರ

ಇವತ್ತು ಲ್ಯಾಬಿನಲ್ಲಿ ಕೆಟ್ಟುನಿಂತ ಹಳೆಯ ಸಿಪಿಯು ಒಂದರ ಮುಚ್ಚಳ ತೆಗೆದೆ. ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಸ್ಕ್ರೂಡ್ರೈವರ್ ಕೆಳಗಿಟ್ಟೆ. ಲ್ಯಾಬ್ ಮೇಡಂ ನೆನಪಾದರು…

ಲಿಂಗಸುಗೂರಿನ ಈ ಕಾಲೇಜಿಗೆ ನಾನು ತಾತ್ಕಾಲಿಕ ಸಹಾಯಕಿಯಾಗಿ ಸೇರಿದಾಗ ಅವರು ಅತಿಥಿ ಉಪನ್ಯಾಸಕಿ. ನಲವತ್ತು ದಾಟಿತ್ತು. ಪ್ರತಿ ಜೂನ್‌ನಲ್ಲೂ ಬರುವ ತಾತ್ಕಾಲಿಕ ನೌಕರರ ಹೊಸ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಎಂದು ಕಾಯುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು.

ಅದು ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ. ಎಲ್ಲರ ಪ್ರಾಜೆಕ್ಟುಗಳಿದ್ದ ಯಂತ್ರದಲ್ಲಿ ಜಾಗ ಸಾಲದೆಂದು ಡಿಸ್ಕಿನ ಒಂದು ಖಾಲಿ ಭಾಗವನ್ನು ಪಕ್ಕದ ಭಾಗಕ್ಕೆ ಸೇರಿಸಲು ನಾನು ಅಳಿಸಿದೆ. ಮತ್ತೆ ಶುರು ಮಾಡಿದರೆ ಕಪ್ಪು ಪರದೆ, ಇಂಗ್ಲಿಷಿನ ಒಂದೇ ಸಾಲು. ನನಗೆ ಕಣ್ಣೀರೇ ಬಂತು.

ಮೇಡಂ ಕುರ್ಚಿ ಎಳೆದುಕೊಂಡು ಕೂತರು. “ಅಳಬ್ಯಾಡವ್ವಾ, ಫೈಲ್ ಎಲ್ಲೂ ಹೋಗಿಲ್ಲ. ನೀ ಒಂದ ಭಾಗ ತಗದಿ, ಉಳಿದವುಗಳ ನಂಬರ್ ಬದಲಾತು. ಬೂಟ್ ಲೋಡರ್‌ಗೆ ಕರ್ನಲ್ ಎಲ್ಲೈತಂತ ಗೊತ್ತಾಗವಲ್ದು, ಅಷ್ಟ.”

ಕರ್ನಲ್ ಅಂದರೆ ಇಡೀ ವ್ಯವಸ್ಥೆಯ ತಿರುಳು. ಯಂತ್ರ ಶುರುವಾದಾಗ ಲೋಡರ್ ಎಂಬ ಸಣ್ಣ ಪ್ರೋಗ್ರಾಂ ಅದನ್ನು ಡಿಸ್ಕಿನಲ್ಲಿ ಹುಡುಕಿ, ಮೆಮೊರಿಗೆ ತಂದಿಟ್ಟು, ಫೈಲುಗಳೆಲ್ಲ ಯಾವ ಭಾಗದಲ್ಲಿವೆ ಎಂದು ತಿಳಿಸಿ, ಹತೋಟಿ ಒಪ್ಪಿಸುತ್ತದೆ. ಅದು ತಾನಾಗಿ ಮಾಡುವ ಕೆಲಸವನ್ನು ಮೇಡಂ ಒಂದೊಂದೇ ಸಾಲು ಟೈಪ್ ಮಾಡಿ ಮಾಡಿಸಿದರು. ಮೊದಲ ಸಲ ಅಕ್ಷರಗಳು ಉರುಳಿ ನಡುವೆಯೇ ನಿಂತವು.

“ಕರ್ನಲ್ ಎದ್ದೈತಿ. ಭಾಗದ ನಂಬರ್ ನಾನ ಹಳೇದು ಕೊಟ್ಟೀನಿ” ಎಂದು ತಿದ್ದಿದರು. ಈ ಸಲ ಲಾಗಿನ್ ಪರದೆ ಬಂತು.

“ಇನ್ನ ಲೋಡರ್ ಏನ್ ಮಾಡತೈತ್ರಿ ಮೇಡಂ?”

“ಏನಿಲ್ಲ. ಅದರ ಕೆಲಸ ಮುಗೀತು. ಕರ್ನಲ್ ಅದನ್ನ ಹೊಳ್ಳಿ ಕರಿಯಂಗಿಲ್ಲ.”

ಪರೀಕ್ಷೆ ಒಂದು ತಾಸು ತಡವಾಯಿತು. ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು, “ಯಾರ ಮುಟ್ಟಿದ್ರಿ ಇದನ್ನ?” ಎಂದರು. ನಾನು ತಲೆ ತಗ್ಗಿಸಿದೆ.

“ನಾನ್ರೀ ಸರ್. ಜಾಗ ಮಾಡಾಕ ಹೋಗಿದ್ದೆ” ಎಂದರು ಮೇಡಂ.

ಆ ಜೂನ್‌ನ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ನನ್ನದಿತ್ತು. ಲ್ಯಾಬಿನ ಬೀಗದ ಕೈ ಕೊಡಲು ಬಂದಾಗಲೂ ನನ್ನನ್ನು ದೂರಲಿಲ್ಲ. “ನಿಂದಿನ್ನೂ ಹೊಸಾ ನೌಕರಿ” ಎಂದಷ್ಟೇ ಹೇಳಿ ಹೋದರು. ನಾನು ಆಗಲೂ ನಿಜ ಹೇಳಲು ಪ್ರಿನ್ಸಿಪಾಲರ ಕೋಣೆಗೆ ಹೋಗಲಿಲ್ಲ.

ಆಮೇಲೆ ಸಿಂಧನೂರಿನ ಒಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ಕೂರುತ್ತಿದ್ದರಂತೆ. ಹೋಗಿ ಕಾಣಬೇಕು, ಇವತ್ತಲ್ಲ ನಾಳೆ ಎಂದುಕೊಳ್ಳುತ್ತಲೇ ಇದ್ದೆ… ಹೋದ ವರ್ಷ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅವರ ಊರಿನ ಹೆಣ್ಣುಮಗಳೊಬ್ಬಳು, ಅವರು ತೀರಿಕೊಂಡು ತಿಂಗಳಾಯಿತು ಎಂದಳು. ಸಂತೆಕಲ್ಲೂರಿನಲ್ಲಿ ಅವರ ಮನೆ ಬಸ್ಸು ಹೋಗುವ ರಸ್ತೆಗೇ ಇದೆಯಂತೆ.

ಈಗ ಲ್ಯಾಬಿನ ಹೊಣೆ ನನ್ನದು. ಪ್ರಿನ್ಸಿಪಾಲರು ಬದಲಾಗಿದ್ದಾರೆ, ಆ ದಿನದ ತಪ್ಪು ನನ್ನದೆಂದು ಹೇಳಿದರೆ ಕೇಳುವವರು ಯಾರೂ ಉಳಿದಿಲ್ಲ. ಪ್ರತಿ ಸಂಜೆ ದಣಿದು ಮನೆಗೆ ಹೋಗಲು ಮಸ್ಕಿಯ ಬಸ್ಸು ಹತ್ತುತ್ತೇನೆ. ಸಂತೆಕಲ್ಲೂರಿನಲ್ಲಿ ಅದು ನಿಂತಾಗ, ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಳ್ಳುತ್ತೇನೆ.