ನೆಲದ ಮೇಲೆ ಹರಡಿದ ವೆಬ್‌ಸೈಟು

ಗೌರಮ್ಮ ಮೇಡಂ ಕಂಪ್ಯೂಟರ್ ಕೆಲಸವನ್ನು ಮೊದಲು ನೆಲದ ಮೇಲೆ ಮಾಡುತ್ತಿದ್ದರು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ವೆಬ್‌ಸೈಟಿನಲ್ಲಿ ಬರಬೇಕಾದ್ದನ್ನು ಹಿಂಬದಿಯಲ್ಲಿ ಚೀಟಿಗೊಂದು ವಿಷಯದಂತೆ ಬರೆದು, ಇಸ್ಪೀಟು ಎಲೆಗಳಂತೆ ಹರಡಿಕೊಂಡು ಕೂರುವರು. ನಂಜನಗೂಡಿನಲ್ಲಿ ಅವರದು ಟೈಪಿಂಗ್ ಶಾಲೆ. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಕಂಪ್ಯೂಟರ್ ಇಟ್ಟು ವೆಬ್‌ಸೈಟ್ ಮಾಡಿಕೊಡಲು ಶುರುಮಾಡಿದ್ದರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಸ್ಸಿನಲ್ಲಿ ಕ್ಲೀನರ್ ಆಗಿ, ಡ್ರೈವರ್ ಆಗಿ, ಕೊನೆಗೆ ಟಿ. ನರಸೀಪುರದಲ್ಲಿ ನನ್ನದೇ ಟ್ರಾವೆಲ್ಸ್ ಇಟ್ಟೆ. ಒಂದು ಜೀಪು, ಒಂದು ವ್ಯಾನು, ಒಂದು ಮಿನಿಬಸ್ಸು. ಯಾರ ಮುಲಾಜೂ ಇಲ್ಲದೆ ಮಾಡಿದ್ದು. ಬೆಂಗಳೂರಿನವರು ಇಂಟರ್‌ನೆಟ್ಟಿನಲ್ಲಿ ಗಾಡಿ ಹುಡುಕುತ್ತಾರೆಂದು ಕೇಳಿ ಮೇಡಂ ಹತ್ತಿರ ಹೋದೆ. ವೆಬ್‌ಸೈಟು ತೆರೆದ ಕೂಡಲೇ ಹಾರ ಹಾಕಿಕೊಂಡ ನನ್ನ ಫೋಟೊ, ಕೆಳಗೆ ನಾನು ಮೇಲೆ ಬಂದ ಕಥೆ, ಆಮೇಲೆ ಮೂರು ಗಾಡಿಗಳು ಬರಬೇಕು ಅಂದೆ.

ಅವರು ಅದನ್ನೂ ಒಂದೊಂದು ಚೀಟಿಯಲ್ಲಿ ಬರೆದುಕೊಂಡರು. ಮಾರನೆಯ ವಾರ ಬಸ್ಸು ಹತ್ತಿ ಬಂದು ನನ್ನ ಆಫೀಸಿನ ನೆಲದ ಮೇಲೆ ಚೀಟಿ ಹರಡಿದರು. ಗಾಡಿ ಕೇಳಲು ಬಂದವರನ್ನೆಲ್ಲ ಕೂರಿಸಿ, ಮೊದಲು ಬೇಕಾದ ಚೀಟಿ ತೆಗೆಯಿರಿ ಎನ್ನುವರು. ಯಾರಾದರೂ ತಡವರಿಸಿದರೆ ಹೇಳಿಕೊಡುತ್ತಿರಲಿಲ್ಲ; ಚೀಟಿಯನ್ನೇ ತಿದ್ದಿ ಬರೆಯುತ್ತಿದ್ದರು.

ತಗಡೂರಿನ ಹೆಂಗಸೊಬ್ಬಳು ಮಿನಿಬಸ್ಸಿನ ಚೀಟಿ ಪಕ್ಕಕ್ಕೆ ಸರಿಸಿ, "ಗಾಡಿ ಯಾವ್ದಾದ್ರೇನ್ ಸಾ, ತಲಕಾಡ್ಗೋಗಿ ಸಂಜೀಗೆ ಮನೆ ಸೇರ್ಬೇಕು, ಅಷ್ಟೆ" ಅಂದಳು. ನನ್ನ ಕಥೆಯ ಚೀಟಿಯನ್ನು ಯಾರೂ ಮುಟ್ಟಲಿಲ್ಲ. ಸಂಜೆ ಕಸ ಗುಡಿಸುವಾಗ ಅದೂ ಪೊರಕೆಗೆ ಸಿಕ್ಕಿತು.

ನನಗೆ ರೇಗಿತು. "ನಾನ್ ಬೆವ್ರು ಸುರ್ಸಿದ್ದು ಯಾರ್ಗೂ ಬ್ಯಾಡ್ವಾ ಮೇಡಂ?"

"ಬೇಕು ಮಾದಪ್ಪಣ್ಣ. ಆದ್ರೆ ಬಸ್‌ಸ್ಟ್ಯಾಂಡಲ್ಲಿ ಜನ ಊರಿನ್ ಬೋರ್ಡ್ ನೋಡ್ತಾರೋ, ಓನರ್ ಫೋಟೊ ಹುಡುಕ್ತಾರೋ?"

ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ವರ್ಷಗಟ್ಟಲೆ ಊರಿನ ಹೆಸರು ಕೂಗಿದವನು ನಾನು. ಓನರ್ ಹೆಸರು ಒಮ್ಮೆಯೂ ಕೂಗಿರಲಿಲ್ಲ. ಮಾಡಿ ನೋಡೋಣ ಅಂದೆ, ಒಪ್ಪಿದೆನೆಂದು ಮಾತ್ರ ಹೇಳಲಿಲ್ಲ.

ಸೈಟು ಬಂತು. ಮೊದಲ ಪುಟದಲ್ಲಿ ತಲಕಾಡು, ನಂಜನಗೂಡು, ಕಳಲೆ. ಊರು ಒತ್ತಿದರೆ ಎಷ್ಟು ಜನ, ಯಾವಾಗ ವಾಪಸ್ಸು. ಅದಾದ ಮೇಲೆ ಗಾಡಿ. ಪ್ರತಿ ಪುಟದ ನೆತ್ತಿಯಲ್ಲೂ ಫೋನ್ ನಂಬರು. ನಾನಿದ್ದದ್ದು ಕಟ್ಟಕಡೆಯಲ್ಲಿ, 'ನಮ್ಮ ಬಗ್ಗೆ' ಎಂಬಲ್ಲಿ. ಫೋನುಗಳು ಬರತೊಡಗಿದವು. ಅದನ್ನು ಮೇಡಂಗೆ ಹೇಳುವಷ್ಟು ಮನಸ್ಸು ಬರಲು ನನಗೆ ಒಂದಿಡೀ ಸೀಸನ್ ಹಿಡಿಯಿತು. ಹೇಳಿದಾಗ, ಸರಿ ಎಂದು ತಲೆಯಾಡಿಸಿ ಇನ್ಯಾರದೋ ಚೀಟಿ ಕತ್ತರಿಸುವುದನ್ನು ಮುಂದುವರಿಸಿದರು.

ಕೆಲವು ವರ್ಷಗಳ ಮೇಲೆ ಅವರು ನಂಜನಗೂಡಿನ ಶಾಲೆ ಮುಚ್ಚಿ, ಹಾಸನದಲ್ಲಿದ್ದ ತಂಗಿಯ ಮನೆಗೆ ಹೊರಟರು. ಸಾಮಾನು ಹೇರಲು ವ್ಯಾನನ್ನು ನಾನೇ ಓಡಿಸಿಕೊಂಡು ಹೋದೆ. ಜನ ಯಾವ ಯಾವ ಪುಟ ನೋಡುತ್ತಾರೆಂಬುದು ಅವರಿಗೆ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಹಗ್ಗ ಬಿಗಿಯುತ್ತಾ ಕೇಳಿಯೇಬಿಟ್ಟೆ, ನನ್ನ ಕಥೆಯನ್ನು ಯಾರಾದರೂ ಓದುತ್ತಾರಾ ಎಂದು.

"ಅಲ್ಲೀವರ್ಗೂ ಯಾರೂ ಬರಲ್ಲ ಅಣ್ಣ" ಅಂದರು. ಹಗ್ಗದ ಇನ್ನೊಂದು ತುದಿ ಎಳೆದುಕೊಟ್ಟು, "ನಾನ್ ಓದಿದ್ದೀನಿ. ಟೈಪ್ ಮಾಡ್ದಾಗ ಒಂದ್ಸಲ, ಆಮೇಲ್ ಸುಮ್ನೆ ಇನ್ನೊಂದ್ಸಲ."

ಹಾಸನದಲ್ಲಿ ಸಾಮಾನು ಇಳಿಸಿ, ಅವರು ಕೊಟ್ಟ ಕಾಫಿ ಕುಡಿದು ವಾಪಸ್ಸಾದೆ. ಮತ್ತೆ ಅವರನ್ನು ಕಾಣಲಿಲ್ಲ.