ಮೊಳೆ ಹೊಡೆಯಬಾರದ ಮನೆ

ನಮ್ಮ ಮನೆಯ ಗೃಹಪ್ರವೇಶ ಜ್ಯೇಷ್ಠದ ಕೊನೆಯಲ್ಲಿ ಆಯಿತು. ಆಷಾಢ ಹುಟ್ಟಿದರೆ ಹಾಲುಕ್ಕಿಸುವ ಹಾಗಿಲ್ಲ, ಶ್ರಾವಣದ ತನಕ ಬಾಡಿಗೆ ಮನೆಯ ಮಾಲೀಕರು ಇರಗೊಡುವುದಿಲ್ಲ. ಹಾಗಾಗಿ ಮುಗಿದಷ್ಟಕ್ಕೇ ಪೂಜೆ ಮಾಡಿಸಿದೆವು. ನಡುಮನೆ, ಅಡುಗೆಮನೆ, ಮುಂಬಾಗಿಲು ಆಗಿದ್ದವು. ಹಿಂದಿನ ಕೋಣೆಯ ಕಿಟಕಿಗೆ ಕಂಬಿ ಕೂರಿಸಿದ್ದರು, ಬಾಗಿಲಿರಲಿಲ್ಲ. ಹಿತ್ತಲ ಬಚ್ಚಲಿಗೂ ಬಾಗಿಲಿರಲಿಲ್ಲ.

"ಮಿಕ್ಕಿದ್ದನ್ನ ಒಳಗೆ ಇದ್ಕೊಂಡೇ ಮಾಡಿಸ್ಕೊಳ್ಳಿ ಬಿಡಿ ಸಾರ್, ಈಗ ಮನೆ ನಿಮ್ದೇ ಅಲ್ವಾ," ಎಂದು ಮೇಸ್ತ್ರಿ ನಮ್ಮ ಮನೆಯವರಿಗೆ ಹೇಳಿದ. ನಾವು ಮರ್ಯಾದೆಗೆ ಕೊಟ್ಟ ಪಂಚೆ ಶಲ್ಯ ಹೊದ್ದುಕೊಂಡು, ಹೋಳಿಗೆ ಊಟ ಮಾಡಿ ಹೋದವನು ಮತ್ತೆ ನಮ್ಮ ಬೀದಿಗೆ ತಲೆ ಹಾಕಲಿಲ್ಲ. ತಾಂಬೂಲ ಕೊಟ್ಟು ಕಳಿಸಿದ ಮೇಲೆ ಕೆಲಸ ಮುಗಿದ ಹಾಗೇ ಲೆಕ್ಕ ಎಂದು ನಮಗೆ ಆಮೇಲೆ ತಿಳಿಯಿತು.

ಅದು ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆಯವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಚಿಕ್ಕಬಾಣಾವರದ ಕಡೆ ರಾಗಿ ಹೊಲ ಒಡೆದು ಸೈಟು ಮಾಡಿದ್ದ ಜಾಗದಲ್ಲಿ ನಮ್ಮ ಮನೆ ಎದ್ದಿತ್ತು. ಹೊಲ ಮಾರಿದ ಗೌಡರ ಮನೆ ಪಕ್ಕದಲ್ಲೇ. ಅವರ ಮನೆಯ ಅಜ್ಜಿ ದಿನಕ್ಕೊಮ್ಮೆಯಾದರೂ ಬಂದು ನಮ್ಮ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದಳು. ಮಾರಿದ ಮೇಲೂ ಅದು ಅವಳ ಹೊಲವೇ.

ಮಳೆಗಾಲ ಹೇಗೋ ಕಳೆಯಿತು. ಬಚ್ಚಲಿಗೆ ಹಳೆಯ ಜಮಖಾನ ಇಳಿಬಿಟ್ಟಿದ್ದೆ. ಹಿತ್ತಲಾಚೆ ಉಳಿದಿದ್ದ ಹೊಲಕ್ಕೆ ಆಳುಗಳು ಬರುವ ಮೊದಲೇ ಸ್ನಾನ ಮುಗಿಸಿಕೊಳ್ಳುವುದು ರೂಢಿಯಾಯಿತು. ಕೋಣೆಯ ಕಿಟಕಿಗೆ ಗೋಣಿತಾಟು ಕಟ್ಟಿದ್ದೆವು. ನಾವಿಬ್ಬರೇ ಆಗಿದ್ದರೆ ಇನ್ನೊಂದು ವರ್ಷವಾದರೂ ಹಾಗೇ ಇರುತ್ತಿದ್ದೆವೋ ಏನೋ. ಆದರೆ ಬೊಮ್ಮನಹಳ್ಳಿಗೆ ಮದುವೆಯಾಗಿ ಹೋಗಿದ್ದ ಮಗಳು ಬಸುರಿಯಾಗಿದ್ದಳು. ಮೊದಲನೆಯ ಬಾಣಂತನ ತವರಿನದು. ಆ ಹಿಂದಿನ ಕೋಣೆಯನ್ನು ನಾನು ಮನಸ್ಸಿನಲ್ಲೇ ಬಾಣಂತಿ ಕೋಣೆ ಮಾಡಿಬಿಟ್ಟಿದ್ದೆ. ಮಂಚ ಯಾವ ಗೋಡೆಗೆ, ತೊಟ್ಟಿಲು ಎಲ್ಲಿ, ಕೆಂಡದ ಬಾಣಲೆ ಎಲ್ಲಿ ಎಂದು ಕಸ ಗುಡಿಸುವಾಗೆಲ್ಲ ಅಳತೆ ಹಾಕುತ್ತಿದ್ದೆ. ಬಾಣಂತಿಗೆ ಗಾಳಿ ಸೋಕಬಾರದು. ಕಿಟಕಿಗೂ ಬಚ್ಚಲಿಗೂ ಬಾಗಿಲು ಕೂತರೆ ಸಾಕು, ಬೇರೇನೂ ಬೇಡ.

ಬಾಗಿಲು ಮಾಡುವ ಕೆಲಸವನ್ನು ಬಡಗಿ ಆಚಾರಿಗೆ ಒಪ್ಪಿಸಿ ತಿಂಗಳುಗಳೇ ಆಗಿದ್ದವು. ಪೀಣ್ಯದಲ್ಲಿ ಅಲ್ಲೊಂದು ಇಲ್ಲೊಂದು ಶೆಡ್ಡು ಏಳುತ್ತಿದ್ದ ಕಾಲ, ಅವನಿಗೆ ಬಿಡುವೇ ಇರಲಿಲ್ಲ. ನಮ್ಮ ಮನೆ ಮುಂದೆಯೇ ಸೈಕಲ್ಲಿನಲ್ಲಿ ಹೋಗುವಾಗ ಇಳಿಯದೆ ಕೂಗುತ್ತಿದ್ದ, "ಸೋಮವಾರ ಗ್ಯಾರಂಟಿ ಅಕ್ಕ." ಯಾವ ಸೋಮವಾರ ಎಂದು ಕೇಳುವುದರೊಳಗೆ ತಿರುವು ದಾಟಿರುತ್ತಿದ್ದ.

ಮಾರ್ಗಶಿರದಲ್ಲಿ ಬೀಗರ ಮನೆಯಲ್ಲಿ ಸೀಮಂತವಾಯಿತು. ಧನುರ್ಮಾಸ ಹುಟ್ಟುವುದರೊಳಗೆ ಮಗಳನ್ನು ಕರೆತರುವುದಕ್ಕೆ ಪುರೋಹಿತರು ತೆಗೆದುಕೊಟ್ಟದ್ದು ಒಂದೇ ದಿನ. ಆಚಾರಿ ಅದಕ್ಕೆ ಮುಂಚೆ ಖಂಡಿತ ಬರುತ್ತೇನೆ ಎಂದಿದ್ದ. ಬರಲಿಲ್ಲ. ದಿನ ಬಿಟ್ಟುಕೊಡಲಾಗದೆ ಮಗಳನ್ನು ಕರೆದುಕೊಂಡು ಬಂದೆವು.

ಮಾರನೆಯ ದಿನವೇ ಆಚಾರಿ ಬಂದ. ಬಾಗಿಲುಗಳನ್ನೆಲ್ಲ ಕೈಗಾಡಿಯ ಮೇಲೆ ಹೇರಿಕೊಂಡು ಬಂದಿದ್ದ. ಮಗಳು ಹಿತ್ತಲ ಬಿಸಿಲಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಅವನು ಬಾಗಿಲುಗಳನ್ನು ಇಳಿಸಿ ಗೋಡೆಗೆ ಒರಗಿಸಿ, ಸಾಮಾನಿನ ಚೀಲ ಬಿಚ್ಚಲು ಕೂತವನು ಅವಳನ್ನು ನೋಡಿ ಚೀಲದ ಬಾಯಿ ಮತ್ತೆ ಕಟ್ಟಿದ.

"ಮಗಳಾ ಅಕ್ಕ?"

"ಹೂಂ, ಬಾಣಂತನಕ್ಕೆ ಬಂದವಳೆ. ಅದಕ್ಕೇ ಅಲ್ವೇನಪ್ಪ ನಿನ್ನ ಅಷ್ಟು ಗೋಗರೆದಿದ್ದು."

"ಬಸುರಿ ಮನೇಲಿ ಮೊಳೆ ಹೊಡಿಯಂಗಿಲ್ಲ ಅಕ್ಕ. ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಮನೆಯಲ್ಲಿ ಗರ್ಭಿಣಿ ಇದ್ದರೆ ಗೋಡೆ ಒಡೆಯಬಾರದು, ಮೊಳೆ ಬಡಿಯಬಾರದು, ಹೊಸದಾಗಿ ಬಾಗಿಲು ನಿಲ್ಲಿಸಬಾರದು ಎನ್ನುವುದು ನಾನು ಹುಟ್ಟಿದಾಗಿನಿಂದ ಕೇಳಿದ್ದ ಮಾತೇ. ಅವನು ಮೊದಲೇ ಬಂದು ಮುಗಿಸಿಬಿಡುತ್ತಾನೆ ಎಂಬ ನಂಬಿಕೆಯಲ್ಲಿ ಅದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

"ಒಂದಿನ ಅವಳನ್ನ ಪಕ್ಕದ ಅಜ್ಜಿ ಮನೇಲಿ ಕೂರಿಸ್ತೀನಿ. ನೀನು ಹೊಡೆದು ಹೋಗು," ಎಂದೆ.

"ಸಂಜೆ ತಿರ್ಗಾ ಇಲ್ಲಿಗೇ ತಾನೆ ಬರದು? ಬ್ಯಾಡ ಅಕ್ಕ. ನಂಗೂ ಮಕ್ಕಳವೆ." ಮಜ್ಜಿಗೆ ಕೊಟ್ಟೆ, ಕುಡಿದ. ಬಾಗಿಲುಗಳನ್ನು ಅಲ್ಲೇ ಬಿಟ್ಟು ಹೊರಟ. ಅಷ್ಟು ದಿನ ಸತಾಯಿಸಿದವನನ್ನು ಬೈಯಬೇಕೆಂದುಕೊಂಡಿದ್ದೆ, ಆಗ ಬೈಯುವುದಕ್ಕೂ ಆಗಲಿಲ್ಲ.

ಜಗಲಿಯ ಮೇಲಿದ್ದ ಅಜ್ಜಿ, "ಆಚಾರಿ ಯೋಳಿದ್ದು ಸರಿಯಾಗೈತೆ ಕಣವ್ವ. ಇನ್ನೇನ್ ಮಾಡೀಯೆ, ಇಂಗೇ ಒರಗ್ಸು," ಎಂದಳು.

ನಮ್ಮ ಮನೆಯವರು ಕಾರ್ಖಾನೆಯಿಂದ ಬಂದು ವಿಷಯ ಕೇಳಿ ರೇಗಿದರು. "ನಾನು ಬೆಳಗಾದ್ರೆ ಸುತ್ತಿಗೆ ಹಿಡಿಯೋನು. ಅವನೇನು ಹೊಡೀತಾನೆ, ನಾನೇ ಹೊಡೀತೀನಿ. ಆ ಮಿಷನ್ನುಗಳ ಸದ್ದಿನ ನಡುವೆ ಎಷ್ಟು ಜನದ ಹೆಂಡತಿಯರು ಹೆರ್ತಿಲ್ಲ?"

"ಅವರ್ಯಾರೂ ಮಿಷನ್ ಹತ್ರ ಮಲಗಿರಲ್ಲ ರೀ," ಎಂದೆ.

"ಹೊಡೀಲಿ ಬಿಡಮ್ಮ, ಏನೂ ಆಗಲ್ಲ," ಎಂದಳು ಮಗಳು.

ಅವರು ಕೀಲನ್ನು ಚೌಕಟ್ಟಿಗೆ ಹಿಡಿದು, ಮೊಳೆ ಇಟ್ಟು, ಸುತ್ತಿಗೆ ಎತ್ತಿದರು. ಏನೂ ಆಗಲ್ಲ ಎಂದವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವರು ಅದನ್ನು ನೋಡಿದರು. ಮೊಳೆಯನ್ನು ಜೇಬಿಗೆ ಹಾಕಿಕೊಂಡು ಸುತ್ತಿಗೆ ಕೆಳಗಿಟ್ಟರು. ಮತ್ತೆ ಆ ಮಾತೆತ್ತಲಿಲ್ಲ.

ಅಲ್ಲಿಂದಾಚೆಗೆ ನಮ್ಮ ಮನೆಯ ಕೆಲಸವೆಲ್ಲ ಹಗ್ಗದಲ್ಲೇ ನಡೆಯಿತು. ಕಿಟಕಿಯ ಬಾಗಿಲನ್ನು ತೆಂಗಿನ ಹುರಿಯಲ್ಲಿ ಕಂಬಿಗೆ ಬಿಗಿದರು. ತೆಗೆಯುವ ಹಾಗಿಲ್ಲ, ಕೋಣೆ ಹಗಲಲ್ಲೂ ಕತ್ತಲು. ಆದರೂ ಸುತ್ತ ಬೆರಳು ತೂರುವಷ್ಟು ಸಂದು ಉಳಿದು, ರಾಗಿ ಕೊಯ್ದ ಬಯಲಿನ ಕುಳಿರ್ಗಾಳಿ ಅದರೊಳಗಿಂದ ಬರುತ್ತಿತ್ತು. ಸಂದಿಗೆ ಹಳೆಯ ಬಟ್ಟೆ ತುರುಕಿದೆ. ಬೆಳಿಗ್ಗೆ ಇಬ್ಬನಿಗೆ ನೆನೆದು ಹಿಂಡುವ ಹಾಗಿರುತ್ತಿತ್ತು, ಒಣಗಿಸಿ ಸಂಜೆ ಮತ್ತೆ ತುರುಕುತ್ತಿದ್ದೆ. ಬಚ್ಚಲ ಬಾಗಿಲನ್ನು ಮಗಳು ಎತ್ತಲಾರಳು. ಅವಳು ಒಳಗೆ ಹೋದ ಮೇಲೆ ನಾನು ಹೊರಗಿನಿಂದ ಒರಗಿಸಿ, ಬೆನ್ನು ಕೊಟ್ಟು ನಿಲ್ಲುತ್ತಿದ್ದೆ.

"ಒಳ್ಳೆ ಪೊಲೀಸ್ ಥರ ನಿಂತಿದೀಯಲ್ಲಮ್ಮ," ಎಂದು ಒಳಗಿಂದ ನಗುತ್ತಿದ್ದಳು. ಆಮೇಲಾಮೇಲೆ ನಗುವುದು ಬಿಟ್ಟು ಬೇಗ ಬೇಗ ನೀರು ಹುಯ್ದುಕೊಂಡು ಬರತೊಡಗಿದಳು. ನೆಗಡಿ ಶುರುವಾಯಿತು. ಮೆಣಸಿನ ಕಷಾಯ ಕೊಟ್ಟೆ, ಸ್ವೆಟರ್ ಹಾಕಿಸಿದೆ. ಕೆಮ್ಮಿದಾಗೆಲ್ಲ ಹೊಟ್ಟೆ ಹಿಡಿದುಕೊಂಡು ಕೆಮ್ಮುತ್ತಿದ್ದಳು. ನಡುಮನೆಯಲ್ಲಿ ಮಲಗಿದ್ದ ಅವಳ ಅಪ್ಪ ಎದ್ದು ಬಂದು ಹಗ್ಗದ ಗಂಟು ಇನ್ನಷ್ಟು ಬಿಗಿಯುತ್ತಿದ್ದರು.

ಒಂದು ಭಾನುವಾರ ಬೀಗಿತ್ತಿ ಸೊಸೆಯನ್ನು ನೋಡಲು ಬಂದರು. ಎರಡು ಬಸ್ಸು ಹತ್ತಿ ಇಳಿದು, ಕೊಬ್ಬರಿ, ಬಾಳೆಹಣ್ಣು, ತುಪ್ಪ ಹೊತ್ತುಕೊಂಡು ಬಂದಿದ್ದರು. ಕಾಲು ತೊಳೆಯಲು ಹಿತ್ತಲಿಗೆ ಹೋದವರು ಬಚ್ಚಲ ಬಾಗಿಲನ್ನು ದೂಡಿದರು. ಒರಗಿಸಿದ್ದ ಬಾಗಿಲಲ್ಲವೇ, ಜಾರಿತು. ಗಟ್ಟಿ ಹೆಂಗಸು, ಎರಡೂ ಕೈಯಲ್ಲಿ ತಡೆದು ಹಿಡಿದು ಮತ್ತೆ ಗೋಡೆಗೆ ಒರಗಿಸಿದರು. ತಿರುಗಿ ಬರುವಾಗ ಮಗಳ ಹೊಟ್ಟೆಯನ್ನೊಮ್ಮೆ, ಕೋಣೆಯ ಕಿಟಕಿಯನ್ನೊಮ್ಮೆ ನೋಡಿದರು.

ಊಟವಾದ ಮೇಲೆ ಎಲೆಗೆ ಸುಣ್ಣ ಸವರುತ್ತ ಹೇಳಿದರು. "ನೋಡಿಯಮ್ಮ, ಬೇಜಾರ್ ಮಾಡ್ಕೋಬಾರ್ದು. ನಿಮ್ಮ ಕಷ್ಟ ಕಾಣ್ತದೆ. ಬಾಣಂತನ ನಮ್ಮನೇಲೇ ಆಗೋಗ್ಲಿ."

"ಮೊದಲನೇದು ತವರಲ್ಲೇ ಆಗ್ಬೇಕಲ್ಲಮ್ಮ," ಎಂದರು ನಮ್ಮ ಮನೆಯವರು. "ಜನ ಏನಂತಾರೆ?"

"ಜನ ಬಂದು ನಿಮ್ಮ ಕಿಟಕಿ ಹಿಡ್ಕೊಂಡು ನಿಲ್ತಾರ? ನಾಳೆ ಎಂಟು ತಿಂಗಳಿಗೆ ಬೀಳ್ತದೆ, ಆಮೇಲೆ ಬಸ್ ಹತ್ತಿಸೋ ಹಾಗಿಲ್ಲ. ಈಗ್ಲೇ ಹೊರಟ್ರೆ ವಾಸಿ."

"ಧನುರ್ಮಾಸ..." ಎಂದೆ ನಾನು.

"ಅವಳ ಮನೆಗೆ ಅವಳು ಬರೋಕೆ ಯಾವ ಮಾಸ ಆದ್ರೇನಮ್ಮ?"

ಮಗಳು ನಾನಿಲ್ಲೇ ಇರುತ್ತೇನೆ ಎನ್ನಬಹುದೆಂದು ಅವಳ ಮುಖ ನೋಡಿದೆ. ಅವಳು ನನ್ನ ಹಿಂದೆಯೇ ಅಡುಗೆಮನೆಗೆ ಬಂದು, ಮೆಲ್ಲಗೆ, "ಅಮ್ಮ, ಅಲ್ಲಿ ಬಚ್ಚಲಿಗೆ ಬಾಗಿಲಿದೆ," ಎಂದಳು. ಅಷ್ಟೇ. ಅವಳ ಸೀರೆಗಳನ್ನು ಮಡಿಸಿ, ಸುಲಿದಿಟ್ಟಿದ್ದ ಅವರೆಕಾಳನ್ನೂ ಕಟ್ಟಿಕೊಟ್ಟೆ. ಸಂಜೆಯ ಬಸ್ಸಿಗೆ ಅವಳ ಅಪ್ಪನೇ ಜೊತೆಯಲ್ಲಿ ಹೋಗಿ ಬಿಟ್ಟು ಬಂದರು.

ಮಾರನೆಯ ದಿನ ಆಚಾರಿ ಬಂದ. ಅಜ್ಜಿಯೇ ಹೇಳಿ ಕಳಿಸಿದ್ದಳಂತೆ. "ಮಗಳು ಹೋದ್ರಂತಲ್ಲ ಅಕ್ಕ, ಇವತ್ತು ಮುಗಿಸಿಬಿಡಣ." ಕಾರ್ಖಾನೆಯ ಮಧ್ಯಾಹ್ನದ ಸೈರನ್ ಕೂಗುವ ಹೊತ್ತಿಗೆ ಕಿಟಕಿಗೆ ಬಾಗಿಲು ಕೂತಿತ್ತು, ಹಗಲು ಇಳಿಯುವ ಮೊದಲು ಬಚ್ಚಲಿಗೂ. ಕೆಲಸ ಚೊಕ್ಕಟವಾಗಿತ್ತು, ಒಂದು ಕೂದಲೆಳೆಯ ಸಂದೂ ಇರಲಿಲ್ಲ.

ಸಂಜೆ ನಮ್ಮ ಮನೆಯವರು ಕೋಣೆಗೆ ಹೋಗಿ ಕಿಟಕಿ ಹಾಕಿ ತೆಗೆದು ನೋಡಿದರು. "ಹೋಗಿ ಕರ್ಕೊಂಡು ಬರೋಣವೇನೇ?" ಎಂದರು.

"ಎಂಟು ಬಿತ್ತಲ್ಲ ರೀ. ಅವರೂ ಒಪ್ಪಲ್ಲ," ಎಂದೆ. ಅವರಿಗೂ ಅದು ಗೊತ್ತಿತ್ತು. ಚಿಲಕ ಹಾಕಿ ಹೊರಗೆ ಬಂದರು.

ಮಗಳಿಗೆ ಗಂಡು ಮಗುವಾಯಿತು. ನಾನು ಬಾಣಂತಿ ಖಾರ, ಅಂಟಿನುಂಡೆ ಮಾಡಿಕೊಂಡು ಬೊಮ್ಮನಹಳ್ಳಿಗೆ ಹೋದೆ. ಅವರ ಮನೆಯಲ್ಲಿ ನಾನು ನೆಂಟಳು. ಚಾಪೆ ಹಾಕಿ ಕೂರಿಸಿ ಕಾಫಿ ಕೊಟ್ಟರು. ಎದ್ದು ಒಲೆಯ ಹತ್ತಿರ ಹೋದರೆ, "ನೀವು ಕೂತ್ಕೊಳ್ಳಿಯಮ್ಮ, ನಾನಿದೀನಿ," ಎನ್ನುತ್ತಿದ್ದರು ಬೀಗಿತ್ತಿ. ಪ್ರೀತಿಯಿಂದಲೇ. ಎಣ್ಣೆನೀರು ಹಾಕುವ ಹೊತ್ತಿಗೆ ನಾನೂ ಸೆರಗು ಸಿಕ್ಕಿಸಿಕೊಂಡು ಎದ್ದೆ. ಬಚ್ಚಲು ಚಿಕ್ಕದು, ಅವರಿಬ್ಬರಿಗೇ ಸರಿ. ಗಾಳಿ ಬರುತ್ತದೆಂದು ಬೀಗಿತ್ತಿ ಒಳಗಿಂದ ಅಗುಳಿ ಹಾಕಿಕೊಂಡರು. ನನ್ನ ಮಗಳ ಮೈಮೇಲೆ ಚೊಂಬು ಚೊಂಬು ನೀರು ಬೀಳುವ ಸದ್ದು ಕೇಳುತ್ತ, ಒಣಗಿದ ಟವೆಲ್ಲು ಹಿಡಿದುಕೊಂಡು ನಾನು ಹೊರಗೆ ನಿಂತಿದ್ದೆ.