ಸರ್ವೇ ಹಾಳ್ಯಾಗಿನ ಅಕ್ಕ

ನಮ್ಮ ಓಣ್ಯಾಗ ಹುಲಗೆಮ್ಮ ಅಂತ ಒಬ್ಬಾಕಿ ಅದಾಳ. ಗಂಗಾವತಿ ಅಕ್ಕಿ ಗಿರಣ್ಯಾಗ ಇಪ್ಪತ್ತು ವರ್ಷದಿಂದ ನುಚ್ಚು ಕೇರತಾಳ. ಗಂಡ ತೀರಿಹೋಗ್ಯಾನ, ಇರಾಕಿ ಒಬ್ಬಾಕೆ ಮಗಳು, ರೂಪಾ. ಕಲ್ಲು ಬ್ಯಾರೆ, ಅಕ್ಕಿ ಬ್ಯಾರೆ ಮಾಡೋದರಾಗ ಹುಲಗೆಮ್ಮನ ಕೈ ಭಾಳ ಚುರುಕು. ಆಕಿ ತಲಿ ಮಾತ್ರ, ದೇವರಾಣಿ, ನನಗ ಇವತ್ತಿಗೂ ತಿಳಿದಿಲ್ಲ.

ಆಕಿ ಇರೋದು ಗೌಸಬೀ ಅನ್ನೋ ಮುದುಕಿ ಹಿತ್ತಲದಾಗಿನ ಬಾಡಗಿ ಖೋಲ್ಯಾಗ. ಮ್ಯಾಲೆ ಬರೇ ತಗಡು. ಬ್ಯಾಸಗ್ಯಾಗ ಒಳಗ ಕುಂತ್ರ ಹಂಚಿನ ಮ್ಯಾಲಿನ ರೊಟ್ಟಿ ಆಗತೀವಿ. ಮುಂದಿನ ಖೋಲಿ ಗೌಸಬೀದು. ಅದು ಮಣ್ಣಿನ ಮಾಳಗಿ, ತಣ್ಣಗ ಇರತೈತಿ.

ಮೂರು ವರ್ಷದ ಹಿಂದ, ತಾವರಗೇರಿಗೆ ಲಗ್ನ ಮಾಡಿ ಕೊಟ್ಟಿದ್ದ ರೂಪಾ ಬಸುರಾದ್ಲು. ಚೊಚ್ಚಲ ಬಾಣಂತನ ತವರುಮನ್ಯಾಗನ ಆಗಬೇಕು, ಇಲ್ಲಾಂದ್ರ ನಾಲ್ಕು ಮಂದ್ಯಾಗ ಮುಖ ಎತ್ತಂಗಿಲ್ಲ. ದಿನ ತುಂಬೋದು ಮೇ ತಿಂಗಳದಾಗ. ತಾವರಗೇರಿ ಬೀಗತಿ ಫೋನಿನ್ಯಾಗ ಖಡಕ್ ಹೇಳಿದ್ಲು: "ಆ ತಗಡಿನ ಕೆಳಗ ಕೂಸು ಬೇಯಿಸಾಕ ಸೊಸಿನ ಕಳಸಂಗಿಲ್ಲ." ಬಾಣಂತಿಗೆ ಫ್ಯಾನಿನ ಗಾಳಿನೂ ಆಗಂಗಿಲ್ಲ. ಹುಲಗೆಮ್ಮ ಸೆರಗು ಬಾಯಾಗಿಟ್ಟು ಅತ್ಲು.

ಅಷ್ಟರಾಗ ಸುದ್ದಿ ಬಂತು. ಬಡವರ ಬಾಡಗಿ ಮನಿಗೆ ಸರಕಾರ ಖರ್ಚು ಹಾಕತೈತಂತ. ತಗಡಿಗೆ ಬಿಸಲು ತಡಿಯೋ ಬಿಳೆ ಬಣ್ಣ, ಒಳಗ ಶಾಖ ಇಳಿಯದಂಗ ಹಲಗಿ, ಕರೆಂಟ್ ಕಡಿಮಿ ತಿನ್ನೋ ಫ್ಯಾನು. ಹುಲಗೆಮ್ಮ ಓಡಿಕೊಂತ ನನ್ನ ಹಂತ್ಯಾಕ ಬಂದ್ಲು.

"ಹೇಮಕ್ಕಾ, ಮನಿ ಗೌಸಬೀದು, ಬೇಯಾಕಿ ನಾನು, ರೊಕ್ಕ ಸರಕಾರದ್ದು. ಹಂಗಾರ ಆ ಬಣ್ಣ ಯಾರದವಾ?"

ನನಗೇನ್ ಗೊತ್ತು? "ಮೊದಲ ಬಳಿಸಿಕೋ, ಆಮ್ಯಾಲೆ ಕೇಳು," ಅಂದೆ.

ನಮ್ಮ ಓಣ್ಯಾಗ ಒಂದು ರೂಢಿ ಐತಿ. ಹಾಳಿ, ಪೆನ್ನು ಹಿಡಕೊಂಡು ಯಾರರ ಬಂದ್ರ ಬಾಡಗಿ ಅನ್ನಬಾರದು. ಮಾಲಕರಿಗೆ ಟ್ಯಾಕ್ಸ್ ಹೆಚ್ಚಾಗೋ ಅಂಜಿಕಿ, ನಮಗ ಖೋಲಿ ಬಿಡಸೋ ಅಂಜಿಕಿ. ಎಲ್ಲಾರೂ ಎಲ್ಲಾರಿಗೂ ಸಂಬಂಧಿಕರು. ಹುಲಗೆಮ್ಮ ಹೊಸದಾಗಿ ಬಂದಾಗ ಇದನ್ನ ಕಲಿಸಿದಾಕಿ ನಾನ.

ಆ ಬಣ್ಣಕ್ಕಂತ ಮನಿ ಸರ್ವೇ ಮಾಡೋ ವೆಂಕಟೇಶ ಬಂದು ಕೇಳಿದ: "ಬಾಡಗಿ ಮನಿ ಏನ್ರಿ?"

"ಅಯ್ಯ, ಇಲ್ರಿ! ನಮ್ಮಕ್ಕನ ಮನಿ," ಅಂದ್ಲು ಹುಲಗೆಮ್ಮ.

ಅವ ಈಕಿ ಹಣಿ ತುಂಬ ಬಳಕೊಂಡ ವಿಭೂತಿ ನೋಡಿದ, ತಸಬಿ ಮಣಿ ಎಣಿಸಿಕೊಂತ ಕುಂತ ಗೌಸಬೀನ ನೋಡಿದ. "ಒಡಹುಟ್ಟಿದ ಅಕ್ಕ?"

"ಹೌದ್ರಿ."

ಬರಕೊಂಡು ನಮ್ಮ ಮನಿಗೆ ಬಂದ. ನಮ್ಮ ಮಾಲಕ ಕುಷ್ಟಗ್ಯಾಗ ಇರತಾನ, ಅವನ ಅಂಜಿಕಿ ನನಗಿಲ್ಲ, ಬಾಡಗಿ ಅಂದೆ. ತಿಂಗಳೊಪ್ಪತ್ತಿನ್ಯಾಗ ನಮ್ಮ ತಗಡು ಬೆಳ್ಳಗಾತು. ಹುಲಗೆಮ್ಮ ಕೆಳಗ ನಿಂತು, "ನಮ್ಮದು ಯಾವಾಗವಾ?" ಅಂದ್ಲು.

"ಬಾಡಗಿ ಅಲ್ಲ ಅಂದ್ರ ಬಣ್ಣ ಎಲ್ಲಿಂದ ಬರತೈತಿ, ಹುಚ್ಚಿ?"

"ಅನ್ನಬ್ಯಾಡ ಅಂದಾಕಿ ನೀನ ಅಲ್ಲನವಾ?"

ನಮ್ಮ ಖೋಲಿ ಕೊಡೋಣಂದ್ರ ಅದರಾಗ ನಾವ ಏಳು ಮಂದಿ.

ಮರುದಿನ ಮುಂಜಾನೆ ನೋಡತೀನಿ, ಗೌಸಬೀ ತನ್ನ ಹಾಸಿಗಿ, ಟ್ರಂಕು ಹಿತ್ತಲಕ್ಕ ಎಳಕೊಂಡು ಹೊಂಟಾಳ. ಹುಲಗೆಮ್ಮ ಅಡ್ಡ ಹೋದ್ಲು. ಮುದುಕಿ ಗದರಿಸಿದ್ಲು: "ಅಕ್ಕ ಅಂತ ಬರಸೀದಿ ಇಲ್ಲೋ? ಮಗಳನ್ನ ಮಾಳಗಿಗೆ ಕರಕೊಂಡು ಬಾ, ನಡಿ!"

ರೂಪಾ ಬಂದ್ಲು, ಹೆಣ್ಣು ಹಡದ್ಲು. ಕೂಸು ಮಾಳಗ್ಯಾಗ ತಣ್ಣಗ ಮಲಗಿತು. ಗೌಸಬೀಗೆ ತಗಡಿನ ಕೆಳಗ ಮೈತುಂಬ ಬೆವರಸಾಲಿ ಎದ್ದವು. ನೋಡಾಕ ಆಗತಿರಲಿಲ್ಲ, ನನಗ ಅಳು ಬರತಿತ್ತು.

ಮುಂದಿನ ವರ್ಷ ಬಿಟ್ಟುಹೋದ ಮನಿ ಬರಕೊಳ್ಳಾಕ ವೆಂಕಟೇಶ ಮತ್ತ ಬಂದ. ಗೌಸಬೀ ಹುಲಗೆಮ್ಮನ ತಿವಿದ್ಲು: "ಬಾಡಗಿ ಅನ್ನು. ನಾನ ಹೆಬ್ಬಟ್ಟು ಒತ್ತತೀನಿ."

ವೆಂಕಟೇಶ ಹಳೇ ಹಾಳಿ ತಗದ. "ಹೋದ ಸಲ ಒಡಹುಟ್ಟಿದ ಅಕ್ಕ ಅಂದೀರಿ. ಖರೇ ಹೇಳ್ರಿ, ಯಾವುದು?"

ಹುಲಗೆಮ್ಮ ತಗಡು ನೋಡಿದ್ಲು. ಗೌಸಬೀ ಕೊಳ್ಳಾಗಿನ ಬೆವರಸಾಲಿ ಕಲಿ ನೋಡಿದ್ಲು. "ಅಕ್ಕನ ರೀ," ಅಂದ್ಲು.

ನನಗ ಸಿಟ್ಟು ನೆತ್ತಿಗೇರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲಲ್ಲ! ಅವ ಹೋದಮ್ಯಾಲೆ ಬೈದೆ. ಆಕಿ ಇಷ್ಟ ಅಂದ್ಲು: "ಬಾಡಗಿ ಅನ್ನಬೇಕಂತನ ಮಾಡಿದ್ನಿ ಹೇಮಕ್ಕಾ. ಬಾಯಿಗೆ ಬರಲಿಲ್ಲ."

ಆ ತಗಡು ಇನ್ನೂ ಹಂಗ ಐತಿ. ಬ್ಯಾಸಗಿ ಮಧ್ಯಾಹ್ನ ಹುಲಗೆಮ್ಮ ಮಾಳಗ್ಯಾಗ ಗೌಸಬೀ ಬಾಜೂಕ ಅಡ್ಡಾಗತಾಳ. ಒಂದನೇ ತಾರೀಕಿಗೆ ಬಾಡಗಿ ಮಾತ್ರ ತಪ್ಪದಂಗ ಕೊಡತಾಳ, ಮುದುಕಿನೂ ಎಣಿಸಿ ತಗೋತಾಳ. ಒಡಹುಟ್ಟಿದ ಅಕ್ಕಗ ಯಾರರ ಬಾಡಗಿ ಕೊಡತಾರೇನ್ರಿ? ನನಗಂತೂ ಇನ್ನೂ ತಿಳಿವಲ್ದು.